ಶೂನೇಮಿನ ಕೋಣೆ ಮತ್ತು ನಿವಾಸಿಗಳಿಲ್ಲದ ಮನೆ

(ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ. ಮನೆಯಲ್ಲಿ ಓದಬೇಕಾದ ವಾಕ್ಯಭಾಗಗಳು: 2 ಅರಸುಗಳು 4:8-10, ಯೆಶಾಯ 5:8-9, ನೆಹೆಮೀಯ 5:1-13)

  

ಇವತ್ತು ಒಂದು ಪ್ರಶ್ನೆಗೆ ದೇವರ ವಾಕ್ಯದಲ್ಲಿ ಉತ್ತರ ಹುಡುಕೋಣ. ಪ್ರಶ್ನೆ ನಮ್ಮ ಸಭೆಯ ಒಬ್ಬ ಸಹೋದರರದ್ದು, ಅವರ ಒಪ್ಪಿಗೆ ತಗೊಂಡೇ ಹೇಳ್ತಾ ಇದ್ದೀನಿ. ಅವರು ಕೇಳಿದ್ದು ಹೀಗೆ: "ಪಾಸ್ಟರ್, ನನ್ನ ಹೆಸರಲ್ಲಿ ಇನ್ನೊಂದು ಮನೆ ಇದೆ. ಅದರಲ್ಲಿ ಒಂದು ಕುಟುಂಬ ಬಾಡಿಗೆಗಿದೆ. ಅವರನ್ನ ಖಾಲಿ ಮಾಡಿಸಿ ಟೂರಿಸ್ಟ್‌ಗಳಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಆದಾಯ ಜಾಸ್ತಿ. ಅತಿಥಿಸತ್ಕಾರ ಮಾಡಿ ಅಂತ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲೇ ಇದೆಯಲ್ಲ. ಇದರಲ್ಲಿ ತಪ್ಪೇನು? ಸರ್ಕಾರ ಇದಕ್ಕೆಲ್ಲ ಯಾಕೆ ಕಾನೂನು ಮಾಡಬೇಕು?"

ಒಳ್ಳೆಯ ಪ್ರಶ್ನೆ, ಪ್ರಾಮಾಣಿಕ ಪ್ರಶ್ನೆ. ನಮ್ಮ ಸಭೆಯಲ್ಲಿ ಎರಡು ಮನೆ ಇರುವವರೂ ಇದ್ದಾರೆ, ಒಂದು ಬಾಡಿಗೆ ಮನೆಗಾಗಿ ತಿಂಗಳುಗಟ್ಟಲೆ ಅಲೆದವರೂ ಇದ್ದಾರೆ. ಇಬ್ಬರೂ ಒಂದೇ ರೊಟ್ಟಿ ಮುರಿಯುವವರು. ನಾನೂ ಬಾಡಿಗೆ ಮನೆಯಲ್ಲೇ ಇರೋನು. ಹಾಗಾಗಿ ನನ್ನ ಮಾತನ್ನ ಸುಮ್ಮನೆ ನುಂಗಬೇಡಿ, ವಾಕ್ಯದ ತಕ್ಕಡಿಯಲ್ಲಿಟ್ಟು ತೂಗಿ.

ನಮ್ಮೂರಿನ ಉದಾಹರಣೆ ತಗೊಂಡರೆ "ಇದು ಯಾರ ಮನೆ ವಿಷಯ?" ಅಂತ ಆ ಕಡೆ ಈ ಕಡೆ ತಿರುಗಿ ನೋಡ್ತೀರಿ. ಪ್ರವಾದಿ ನಾತಾನನು ದಾವೀದನ ಹತ್ರ ಹೋದಾಗ ನೇರವಾಗಿ ದಾವೀದನ ಹೆಸರು ತೆಗೆಯಲಿಲ್ಲ. ಒಬ್ಬ ಬಡವನ ಕುರಿಮರಿಯ ಕಥೆ ಹೇಳಿದ. ಬೇರೆಯವರ ಕಥೆಯಲ್ಲಿ ನ್ಯಾಯ ಬೇಗ ಕಾಣುತ್ತೆ. ಆ ಕಥೆಯಲ್ಲೂ ಒಬ್ಬ ಅತಿಥಿ ಬಂದಿದ್ದ, ಗಮನಿಸಿದ್ದೀರಾ? ಐಶ್ವರ್ಯವಂತ ತನ್ನ ಮಂದೆಯನ್ನ ಮುಟ್ಟದೆ, ಬಡವನಿಗಿದ್ದ ಒಂದೇ ಕುರಿಮರಿ ತಂದು ಅತಿಥಿಸತ್ಕಾರ ಮಾಡಿದ. ಸತ್ಕಾರವೇನೋ ಆಯ್ತು. ಆದರೆ ಅದರ ಬೆಲೆ ಯಾರು ಕೊಟ್ಟರು? ಈ ಪ್ರಶ್ನೆಯನ್ನ ಮನಸ್ಸಲ್ಲಿ ಇಟ್ಕೊಂಡು ನಾವೂ ಸ್ವಲ್ಪ ದೂರ ಹೋಗೋಣ.

ಅಮೆರಿಕದ ಹವಾಯಿ ರಾಜ್ಯದಲ್ಲಿ ಮಾವಿ ಅಂತ ಒಂದು ದ್ವೀಪ ಇದೆ. ಅಲ್ಲಿ ಲಹೈನಾ ಅನ್ನೋ ಹಳೇ ಪಟ್ಟಣ. 2023ರ ಆಗಸ್ಟ್ 8ರಂದು ಬಿರುಗಾಳಿಯ ಜೊತೆ ಬಂದ ಬೆಂಕಿ ಆ ಪಟ್ಟಣವನ್ನ ಸುಟ್ಟುಹಾಕಿತು. 100ಕ್ಕೂ ಹೆಚ್ಚು ಜನ ಸತ್ತರು. 2,200ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಸುಮಾರು 12,000 ಜನ ಮನೆ ಬಿಟ್ಟು ಹೊರಗೆ ಬಂದರು. ಸುದ್ದಿಯಲ್ಲಿ ನೀವೂ ನೋಡಿರಬಹುದು.

ಮನೆ ಕಳಕೊಂಡವರು ಎಲ್ಲಿ ಹೋಗಬೇಕು? ಸುತ್ತಮುತ್ತ ಮನೆಗಳೇನೋ ಇದ್ದವು. ಸಾವಿರಾರು ಫ್ಲ್ಯಾಟ್‌ಗಳು. ಆದರೆ ಅವು ವಾಸದ ಮನೆಗಳಲ್ಲ, ರಜೆಗೆ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು. ಅವುಗಳ ಮಾಲೀಕರಲ್ಲಿ ಹೆಚ್ಚಿನವರು ಆ ದ್ವೀಪದಲ್ಲೇ ಇರೋದಿಲ್ಲ, ಬೇರೆ ರಾಜ್ಯದಲ್ಲಿ ಇರುವವರು. ಬೆಂಕಿಗೆ ಮುಂಚೆಯೇ ಊರಿನವರಿಗೆ ಮನೆ ಸಿಗೋದು ಕಷ್ಟ ಇತ್ತು, ಬೆಂಕಿ ಬಂದ ಮೇಲೆ ಎಲ್ಲರ ಕಣ್ಣಿಗೂ ಕಂಡಿತು. ಮೊದಲು ಸಂತ್ರಸ್ತರನ್ನ ಹೋಟೆಲ್‌ಗಳಲ್ಲಿ ಇಟ್ಟರು. ಆಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸ್ತಾ ಹೋದರು. ಸರ್ಕಾರ ಸಂತ್ರಸ್ತರಿಗಾಗಿ ದೊಡ್ಡ ಬಾಡಿಗೆ ಕೊಡುತ್ತೆ ಅಂತ ಗೊತ್ತಾದಾಗ, ಕೆಲವು ಮಾಲೀಕರು ಇದ್ದ ಬಾಡಿಗೆದಾರರನ್ನೇ ಖಾಲಿ ಮಾಡಿಸಿದರು ಅಂತಲೂ ವರದಿಗಳು ಬಂದವು.

ಅದೇ ವರ್ಷ ನವೆಂಬರ್‌ನಲ್ಲಿ ಲಹೈನಾದವರು ಕಾನಾಪಲಿ ಅನ್ನೋ ಪ್ರವಾಸಿಗಳ ಸಮುದ್ರತೀರಕ್ಕೆ ಬಂದು ಡೇರೆ ಹಾಕಿದರು. ಮೀನು ಹಿಡಿಯೋದು ಅಲ್ಲಿಯವರ ಹಕ್ಕು. ಹಾಗಾಗಿ ಗಾಳದ ಕೋಲುಗಳನ್ನ ಮರಳಲ್ಲಿ ನೆಟ್ಟು, "ನಾವು ಮನೆಗಾಗಿ ಗಾಳ ಹಾಕ್ತಾ ಇದ್ದೀವಿ" ಅನ್ನೋ ರೀತಿಯಲ್ಲಿ ಕೂತರು. ಒಂದು ಕಡೆ ರಜೆ ಕಳೆಯೋಕೆ ಬಂದವರ ದೊಡ್ಡ ಹೋಟೆಲ್‌ಗಳು, ಇನ್ನೊಂದು ಕಡೆ ಆ ಊರಲ್ಲೇ ಹುಟ್ಟಿ ಬೆಳೆದವರ ಡೇರೆ. ಯೋಚಿಸಿ ದೇವಜನರೇ.

2024ರ ಮೇ ತಿಂಗಳಲ್ಲಿ ಆ ರಾಜ್ಯದ ಗವರ್ನರ್ ಜಾಶ್ ಗ್ರೀನ್ ಒಂದು ಕಾನೂನಿಗೆ ಸಹಿ ಹಾಕಿದರು. ಇಂಥ ಅಲ್ಪಾವಧಿ ಬಾಡಿಗೆ ಮನೆಗಳನ್ನ ನಿಯಂತ್ರಿಸುವ, ಬೇಕಾದರೆ ನಿಲ್ಲಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಸಿಕ್ಕಿತು. ಮಾವಿಯ ಮೇಯರ್ ರಿಚರ್ಡ್ ಬಿಸ್ಸೆನ್ ವಾಸದ ವಲಯದಲ್ಲಿರುವ ಸುಮಾರು 7,000 ಇಂಥ ಮನೆಗಳನ್ನ ಹಂತಹಂತವಾಗಿ ಖಾಯಂ ವಾಸಕ್ಕೆ ತರಬೇಕು ಅಂತ ಪ್ರಸ್ತಾಪ ಇಟ್ಟರು. 2025ರಲ್ಲಿ ಕೌನ್ಸಿಲ್ ಮುಂದೆ ಗಂಟೆಗಟ್ಟಲೆ ಸಾಕ್ಷಿಗಳು ನಡೆದವು. ಮನೆ ಕಳಕೊಂಡವರು ಬಂದು ಮಾತಾಡಿದರು. ಮಾಲೀಕರೂ ಬಂದು ಮಾತಾಡಿದರು: "ಇದು ನನ್ನ ಆಸ್ತಿ. ಕಾನೂನು ಪ್ರಕಾರ ಖರೀದಿ ಮಾಡಿದ್ದೀನಿ. ಈಗ ಬಂದು ಬೇಡ ಅನ್ನೋಕೆ ನೀವ್ಯಾರು?"

ಈಗ ನೋಡಿ, ನಮ್ಮ ಸಹೋದರರ ಪ್ರಶ್ನೆಗೇ ವಾಪಸ್ ಬಂದ್ವಿ. ನನ್ನದನ್ನ ನಾನು ಏನು ಬೇಕಾದರೂ ಮಾಡಬಹುದಾ?

ಬೈಬಲ್ಲಿನಲ್ಲಿ ಇದೇ ಅರ್ಥದ ಮಾತು ಒಬ್ಬ ಯಜಮಾನ ಆಡ್ತಾನೆ. ಮತ್ತಾಯ 20ನೇ ಅಧ್ಯಾಯ, ದ್ರಾಕ್ಷಾತೋಟದ ಸಾಮ್ಯ. ನನ್ನ ಸೊತ್ತನ್ನ ನನ್ನ ಇಷ್ಟದಂತೆ ಖರ್ಚು ಮಾಡೋ ಹಕ್ಕು ನನಗಿಲ್ಲವೇ ಅಂತ ಕೇಳ್ತಾನೆ. ಆಸ್ತಿಯ ವಿಷಯ ಬಂದಾಗ ಬಹಳ ಜನ ಈ ವಚನ ಎತ್ತಿ ಹಿಡೀತಾರೆ. ಆದರೆ ಆ ಯಜಮಾನ ತನ್ನ ಹಕ್ಕನ್ನ ಯಾವುದಕ್ಕೆ ಉಪಯೋಗಿಸಿದ? ದಿನದ ಕೊನೇ ಗಂಟೆಯಲ್ಲಿ ಬಂದ ಕೂಲಿಯವನಿಗೂ ಅವತ್ತಿನ ಪೂರ್ತಿ ಕೂಲಿ ಕೊಡೋಕೆ. ಅವನ ಮನೆಯಲ್ಲೂ ಒಲೆ ಉರಿಯಲಿ ಅಂತ. ಕಡೆಯವನನ್ನ ಹೊರಗೆ ಹಾಕೋಕೆ ಆ ವಚನವನ್ನ ಉಪಯೋಗಿಸಿದರೆ, ನಾವು ವಾಕ್ಯವನ್ನ ತಲೆಕೆಳಗೆ ಹಿಡಿದ ಹಾಗೆ.

ಧರ್ಮೋಪದೇಶಕಾಂಡ 22:8 ನೋಡಿ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಕುಳ್ಳಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ನಿನ್ನ ಮನೆಯ ಮೇಲೆ ಬರುತ್ತೆ ಅಂತ ದೇವರು ಹೇಳಿದ್ದಾನೆ. ಮನೆ ಯಾರದ್ದು? ನನ್ನದು. ಮಾಳಿಗೆ ಯಾರದ್ದು? ನನ್ನದು. ಆದರೂ ದೇವರು ಅಲ್ಲಿಗೆ ಬಂದು, "ಇಲ್ಲೊಂದು ಗೋಡೆ ಬೇಕು" ಅಂತಾನೆ. ಯಾಕಂದ್ರೆ ನನ್ನ ಮನೆಯ ಅಂಚು ಮುಗಿಯೋ ಕಡೆ ಇನ್ನೊಬ್ಬರ ಪ್ರಾಣ ಶುರುವಾಗುತ್ತೆ. ನನ್ನ ಹಕ್ಕನ್ನ ಕಿತ್ತುಕೊಂಡರು ಅಂತ ಅದಕ್ಕೆ ಅರ್ಥ ಅಲ್ಲ. ಬೀಳಬಹುದಾದ ಒಬ್ಬ ಮನುಷ್ಯ ಇದ್ದಾನೆ, ಅವನನ್ನ ನೆನಪಿಟ್ಟುಕೊಂಡರು ಅಂತ ಅರ್ಥ.

ಈ ಮನೆ ವಿಷಯದಲ್ಲಿ ಬೀಳೋದು ಯಾರು? ವ್ಯವಹಾರ ಇರೋದು ಇಬ್ಬರ ಮಧ್ಯೆ. ಆ್ಯಪ್‌ನಲ್ಲಿ ಅತಿಥಿ ಮಾಲೀಕನಿಗೆ ಐದು ಸ್ಟಾರ್ ಕೊಡ್ತಾನೆ, ಮಾಲೀಕ ಅತಿಥಿಗೆ ಒಳ್ಳೇ ಮಾತು ಬರೀತಾನೆ. ಇಬ್ಬರಿಗೂ ಸಂತೋಷ. ಆದರೆ ಆ ಮನೆಯಲ್ಲಿ ವರ್ಷವಿಡೀ ಇರಬಹುದಾಗಿದ್ದ ಒಂದು ಕುಟುಂಬ ಇದೆಯಲ್ಲ, ಅವರಿಗೆ ಸ್ಟಾರ್ ಕೊಡೋ ಜಾಗವೇ ಇಲ್ಲ. ಅವರ ಮಗು ಶಾಲೆ ಬದಲಾಯಿಸಿದ್ದು, ಅಪ್ಪ ಕೆಲಸಕ್ಕೆ ಎರಡು ಬಸ್ ಹಿಡಿದು ಹೋಗೋದು ಎಲ್ಲೂ ದಾಖಲಾಗಲ್ಲ. ಇಬ್ಬರು ಒಪ್ಪಿದರೆ ಸಾಕು, ಮೂರನೆಯವರದ್ದು ಏನು ಮಾತು ಅಂತ ಲೋಕ ಹೇಳುತ್ತೆ. ದೇವರ ವಾಕ್ಯ ಯಾವಾಗಲೂ ಆ ಮೂರನೆಯವರನ್ನೇ ಕೇಳುತ್ತೆ.

ಹಾಗಾದ್ರೆ ಮನೆಯಲ್ಲಿ ಅತಿಥಿಗೆ ಕೋಣೆ ಕೊಡೋದೇ ತಪ್ಪಾ? ಇಲ್ಲ. 2 ಅರಸುಗಳು 4ನೇ ಅಧ್ಯಾಯದಲ್ಲಿ ಶೂನೇಮಿನ ಸ್ತ್ರೀಯನ್ನ ನೋಡಿ. ಎಲೀಷನು ಆ ದಾರಿಯಲ್ಲಿ ಹೋಗಿ ಬರ್ತಾ ಇರೋದನ್ನ ಗಮನಿಸಿ ಗಂಡನ ಜೊತೆ ಮಾತಾಡಿ ಒಂದು ನಿರ್ಧಾರ ಮಾಡ್ತಾಳೆ. ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ, ಅದರಲ್ಲಿ ಮಂಚ, ಮೇಜು, ಕುರ್ಚಿ, ದೀಪ. ಎಷ್ಟು ಸರಳ! ಇದರಲ್ಲಿ ಮೂರು ವಿಷಯ ಗಮನಿಸಿ.

ಒಂದು, ಆಕೆ ಅದೇ ಮನೆಯಲ್ಲಿ ವಾಸವಾಗಿದ್ದಳು. ಅತಿಥಿ ಬಂದಾಗ ಬಾಗಿಲಲ್ಲಿ ಒಬ್ಬ ಮನುಷ್ಯಳು ಇದ್ದಳು, ನಂಬರ್ ಒತ್ತಿ ತೆಗೆಯೋ ಬೀಗ ಅಲ್ಲ.

ಎರಡು, ಆಕೆ ಹೊಸದಾಗಿ ಕೋಣೆ ಕಟ್ಟಿಸೋ ಮಾತಾಡಿದಳು. ಊರಿನಲ್ಲಿ ಒಂದು ಕೋಣೆ ಹೆಚ್ಚಾಯ್ತು, ಕಮ್ಮಿಯಾಗಲಿಲ್ಲ.

ಮೂರು, ಆ ಕೋಣೆಗಾಗಿ ಶೂನೇಮಿನಲ್ಲಿ ಯಾರೂ ಗಂಟುಮೂಟೆ ಕಟ್ಟಲಿಲ್ಲ.

ಇದರ ಪಕ್ಕದಲ್ಲಿ ಯೆಶಾಯ 5:8-9 ಇಟ್ಟು ಓದಿ. ಮನೆಗೆ ಮನೆ ಸೇರಿಸುವವರಿಗೆ, ಹೊಲಕ್ಕೆ ಹೊಲ ಕೂಡಿಸುವವರಿಗೆ ಪ್ರವಾದಿ ಅಯ್ಯೋ ಅಂತಾನೆ. ಆ ವಚನದಲ್ಲಿ ಕಳ್ಳತನದ ಮಾತಿಲ್ಲ. ದುಡ್ಡು ಕೊಟ್ಟೇ ಖರೀದಿ ಮಾಡಿರಬಹುದು. ಆರೋಪ ಇರೋದು ಇಷ್ಟೇ, ಹೀಗೆ ಸೇರಿಸ್ತಾ ಸೇರಿಸ್ತಾ ಬೇರೆಯವರಿಗೆ ಸ್ಥಳವೇ ಇಲ್ಲದಂತಾಯ್ತು. ಮುಂದಿನ ವಚನದಲ್ಲಿ ಶಿಕ್ಷೆ ಏನು ಗೊತ್ತಾ? ದೊಡ್ಡ ದೊಡ್ಡ, ಚೆಂದದ ಮನೆಗಳು ನಿವಾಸಿಗಳಿಲ್ಲದೆ ಹಾಳುಬೀಳೋದು. ಸ್ವಲ್ಪ ಯೋಚಿಸಿ. ಯೆಶಾಯನ ಕಾಲದಲ್ಲಿ ನಿವಾಸಿಗಳಿಲ್ಲದ ಚೆಂದದ ಮನೆ ಅಂದ್ರೆ ದೇವರ ನ್ಯಾಯತೀರ್ಪು. ನಮ್ಮ ಕಾಲದಲ್ಲಿ ಅದು ಬಿಸಿನೆಸ್ ಪ್ಲಾನ್.

ಈ ದೊಡ್ಡ ಕಂಪನಿ ಏರ್‌ಬಿಎನ್‌ಬಿ ಶುರುವಾಗಿದ್ದೂ ಶೂನೇಮಿನ ರೀತಿಯಲ್ಲೇ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರು ಯುವಕರಿಗೆ ತಮ್ಮ ಮನೆಯ ಬಾಡಿಗೆ ಕಟ್ಟೋಕೆ ಆಗ್ತಿರಲಿಲ್ಲ. ತಾವಿದ್ದ ಮನೆಯಲ್ಲೇ ಗಾಳಿ ತುಂಬಿಸುವ ಹಾಸಿಗೆ ಹಾಕಿ, ಮೂರು ಜನ ಅತಿಥಿಗಳಿಗೆ ಜಾಗ ಕೊಟ್ಟರು. ಬಾಡಿಗೆದಾರ ತನ್ನ ಮನೆ ಉಳಿಸಿಕೊಳ್ಳೋಕೆ ಹುಡುಕಿದ ದಾರಿ ಅದು. ಅದೇ ದಾರಿ ಮುಂದೆ ಎಷ್ಟೋ ಊರುಗಳಲ್ಲಿ ಬಾಡಿಗೆದಾರನನ್ನೇ ಹೊರಗೆ ಹಾಕುವ ದಾರಿಯಾಯ್ತು. ಕೋಣೆ ಕೊಡೋದರಿಂದ ಶುರುವಾಗಿದ್ದು, ಮನೆಗೆ ಮನೆ ಸೇರಿಸೋದಕ್ಕೆ ಬಂದು ನಿಂತಿತು.

ಒಳ್ಳೆಯ ಕಾನೂನಿನ ಕೆಲಸ ಈ ಎರಡರ ಮಧ್ಯೆ ಗೆರೆ ಎಳೆಯೋದು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಜಾರಿಗೆ ತಂದ ನಿಯಮ ನೋಡಿ: 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡೋದಾದ್ರೆ ಮನೆಯವರು ಅತಿಥಿಯ ಜೊತೆ ಅದೇ ಮನೆಯಲ್ಲಿ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು, ನಗರದಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ದೇಶದಲ್ಲೂ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಮಾನ್ಯತೆ ಬೇಕಾದ್ರೆ ಮಾಲೀಕರ ಕುಟುಂಬ ಅಲ್ಲೇ ವಾಸವಾಗಿರಬೇಕು, ಕೊಡಬಹುದಾದ ಕೋಣೆಗಳು 1ರಿಂದ 6. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ಮನೆಯವರು ತಾವಿರೋ ಮನೆಯ ಕೋಣೆ ಕೊಟ್ಟು, ಕಡುಬು ಮಾಡಿ ಬಡಿಸಿದರೆ ಅದು ಹೋಮ್‌ಸ್ಟೇ. ಹೋಮ್ ಅಂತ ಹೆಸರಿಟ್ಟ ಮೇಲೆ ಅಲ್ಲಿ ಮನೆಯವರು ಇರಬೇಕಲ್ವಾ?

ಕೆಲವರು ಹೇಳ್ತಾರೆ: "ಪಾಸ್ಟರ್, ಇದನ್ನೆಲ್ಲ ಕಾನೂನಿನಿಂದ ಮಾಡೋದಲ್ಲ, ಹೃದಯ ಬದಲಾಗಬೇಕು, ಪ್ರಾರ್ಥನೆ ಮಾಡೋಣ." ಆಮೆನ್, ಪ್ರಾರ್ಥನೆ ಮಾಡೋಣ. ಆದರೆ ನೆಹೆಮೀಯ 5ನೇ ಅಧ್ಯಾಯವನ್ನೂ ಓದೋಣ. ಯೆರೂಸಲೇಮಿನ ಬಡವರು ಬರಗಾಲದಲ್ಲಿ ಹೊಲ, ದ್ರಾಕ್ಷಾತೋಟ, ಮನೆಗಳನ್ನ ಒತ್ತೆ ಇಟ್ಟು ಕೂಗಾಡಿದರು. ನೆಹೆಮೀಯನು ಶ್ರೀಮಂತರನ್ನ ಸಭೆ ಸೇರಿಸಿ ಕೇಳಿದ. ಅವರಿಗೆ ಮಾತೇ ಹೊರಡಲಿಲ್ಲ. ಕೊನೆಗೆ ಹಿಂದಕ್ಕೆ ಕೊಡ್ತೀವಿ ಅಂತ ಒಪ್ಪಿಕೊಂಡರು. ಅಲ್ಲಿಗೆ ಬಿಟ್ಟನಾ? ಇಲ್ಲ! ಯಾಜಕರನ್ನ ಕರೆಸಿ ಅವರಿಂದ ಪ್ರಮಾಣ ಮಾಡಿಸಿದ. ಬಾಯಿಮಾತನ್ನ ಕಟ್ಟುಪಾಡು ಮಾಡಿದ. ಯಾಕಂದ್ರೆ ಹಸಿದವನ ಮಕ್ಕಳು ಶ್ರೀಮಂತನ ಹೃದಯ ಬದಲಾಗೋ ತನಕ ಕಾಯೋಕೆ ಆಗಲ್ಲ. ಹೃದಯ ಬದಲಾಯಿಸೋದು ಪವಿತ್ರಾತ್ಮನ ಕೆಲಸ. ಅಲ್ಲಿ ತನಕ ದುರ್ಬಲರು ಬೀಳದ ಹಾಗೆ ಗೋಡೆ ಕಟ್ಟೋದು ನೆಹೆಮೀಯನ ಕೆಲಸ.

ಇನ್ನೊಂದು ಕಡೆಯ ಮಾತನ್ನೂ ನಾವು ಕೇಳಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಮಾವಿಯ ಪ್ರಸ್ತಾಪದ ಬಗ್ಗೆ ಹವಾಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಸಂಶೋಧಕರು 2025ರಲ್ಲಿ ಒಂದು ಅಂದಾಜು ಕೊಟ್ಟರು. ಇದು ಜಾರಿಗೆ ಬಂದರೆ ಫ್ಲ್ಯಾಟ್‌ಗಳ ಬೆಲೆ ಶೇ. 20ರಿಂದ 40ರಷ್ಟು ಇಳಿಯಬಹುದು. ಆದರೆ ಸುಮಾರು 1,900 ಉದ್ಯೋಗಗಳೂ ಹೋಗಬಹುದು. ಆ ಉದ್ಯೋಗ ಯಾರದ್ದು? ಬೆಡ್‌ಶೀಟ್ ಬದಲಾಯಿಸುವವರು, ಬಾತ್‌ರೂಮ್ ತೊಳೆಯುವವರು, ಗಾಡಿ ಓಡಿಸುವವರು, ಅಡಿಗೆಯವರು. ಮನೆ ಬೇಕಾದವರೂ ಅವರೇ, ಕೆಲಸ ಬೇಕಾದವರೂ ಅವರೇ. ಮನೆ ಸಿಕ್ಕಿ ಕೆಲಸ ಹೋದರೆ ಆ ಮನೆಯಲ್ಲಿ ಎಷ್ಟು ದಿನ ಇರೋಕೆ ಆಗುತ್ತೆ? ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ.

ಅದೇ ರೀತಿ ನ್ಯೂಯಾರ್ಕಿನಲ್ಲಿ ನಿಯಮ ಬಂದ ಮೇಲೂ ಬಾಡಿಗೆ ದುಬಾರಿಯಾಗಿಯೇ ಉಳಿಯಿತು. ಯಾಕಂದ್ರೆ ಎಷ್ಟೋ ವರ್ಷಗಳಿಂದ ಬೇಕಾದಷ್ಟು ಮನೆ ಕಟ್ಟದೆ ಇದ್ದರೆ, ಆ ಕೊರತೆ ಒಂದು ನಿಯಮದಿಂದ ತುಂಬೋದಿಲ್ಲ. ಇದನ್ನ ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮಾಳಿಗೆಯ ಕುಳ್ಳಗೋಡೆ ಮನೆ ಕಟ್ಟಿಕೊಡಲ್ಲ. ಆದರೆ ಗೋಡೆ ಇಲ್ಲದ ಮಾಳಿಗೆಯಿಂದ ಜನ ಬೀಳ್ತಾರೆ. ಎರಡೂ ಬೇಕು. ಕಟ್ಟೋದೂ ಬೇಕು, ಇರೋದನ್ನ ವಾಸಕ್ಕೆ ಉಳಿಸೋದೂ ಬೇಕು.

ಹಾಗಾಗಿ ನಿಯಮ ಮಾಡುವಾಗ ಕರುಣೆಯೂ ಸಮಯವೂ ಇರಬೇಕು. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 10 ವರ್ಷದಲ್ಲಿ ಬಾಡಿಗೆ ಶೇ. 68ರಷ್ಟು ಏರಿತ್ತು. 2024ರ ಜೂನ್‌ನಲ್ಲಿ ಅಲ್ಲಿಯ ಮೇಯರ್ ಜೌಮೆ ಕೊಲ್ಬೋನಿ, ಪ್ರವಾಸಿ ಫ್ಲ್ಯಾಟ್‌ಗಳ 10,101 ಪರವಾನಗಿಗಳನ್ನ 2028ರ ನವೆಂಬರ್ ನಂತರ ಮುಂದುವರಿಸಲ್ಲ ಅಂತ ಘೋಷಿಸಿದರು. ಅದು ಕಠಿಣ ನಿರ್ಧಾರವೇ. ಆದರೆ ಬೇರೆ ದಾರಿ ನೋಡಿಕೊಳ್ಳೋಕೆ ಘೋಷಣೆಯ ದಿನದಿಂದ ನಾಲ್ಕು ವರ್ಷಕ್ಕೂ ಹೆಚ್ಚು ಸಮಯ ಕೊಟ್ಟರು. ಇನ್ನು, ಪಿಂಚಣಿ ಇಲ್ಲದ ಒಬ್ಬ ವಿಧವೆ ತಾನಿರೋ ಮನೆಯ ಒಂದು ಕೋಣೆ ಕೊಟ್ಟು ಔಷಧಿ ಖರ್ಚು ನೋಡ್ಕೊಳ್ತಾಳೆ. ಹತ್ತು ಫ್ಲ್ಯಾಟ್ ಹಿಡಿದು ಬೇರೆ ದೇಶದಲ್ಲಿ ಕೂತವನಿಗೂ ಅವಳಿಗೂ ಒಂದೇ ಅಳತೆ ಹಿಡಿದರೆ ಅದು ನ್ಯಾಯ ಅಲ್ಲ. ಆ ವಿಧವೆಯದ್ದು ಶೂನೇಮಿನ ಕೋಣೆ, ಅದಕ್ಕೆ ಬಾಗಿಲು ತೆರೆದಿರಬೇಕು.

ಈಗ ನಮ್ಮ ಸಹೋದರರಿಗೆ ನನ್ನ ಉತ್ತರ. ಅಣ್ಣ, ಮನೆ ನಿಮ್ಮದೇ, ಯಾರೂ ಕಿತ್ತುಕೊಳ್ಳಲ್ಲ. ನಿಮ್ಮ ಸಾಲದ ಕಂತು ಎಷ್ಟು ಭಾರ ಅಂತಲೂ ನನಗೆ ಗೊತ್ತು. ಆದರೆ ಈ ಕೆಲಸಕ್ಕೆ ಅತಿಥಿಸತ್ಕಾರ ಅಂತ ಹೆಸರಿಡಬೇಡಿ. ನೀವಿಲ್ಲದ ಮನೆಯಲ್ಲಿ ನೀವು ಯಾರನ್ನ ಸತ್ಕರಿಸ್ತೀರಿ? ಅದು ವ್ಯಾಪಾರ. ವ್ಯಾಪಾರ ಪಾಪ ಅಲ್ಲ. ಒಳ್ಳೆಯ ಸಮಾರ್ಯದವನು ಗಾಯಗೊಂಡವನನ್ನ ಸೇರಿಸಿದ್ದೂ ದುಡ್ಡು ತಗೊಳ್ಳೋ ಛತ್ರಕ್ಕೇ. ವ್ಯಾಪಾರವನ್ನ ವ್ಯಾಪಾರದ ತಕ್ಕಡಿಯಲ್ಲೇ ತೂಗಿ. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಹೆಚ್ಚಿನ ಆದಾಯ ಇಡಿ, ಇನ್ನೊಂದು ತಟ್ಟೆಯಲ್ಲಿ ಈಗ ಅಲ್ಲಿರೋ ಆ ಕುಟುಂಬವನ್ನ ಇಡಿ. ಅವರಿಗೆ ಈ ಊರಲ್ಲಿ ಬೇರೆ ಮನೆ ಸಿಗುತ್ತಾ? ನೀವೇ ಹುಡುಕಿ ನೋಡಿ. ಸುಲಭವಾಗಿ ಸಿಕ್ಕರೆ ನಿಮ್ಮ ಮನಸ್ಸಾಕ್ಷಿ ಹಗುರ. ಸಿಗದೆ ಹೋದರೆ, ಆ ಹೆಚ್ಚಿನ ಆದಾಯದ ಬೆಲೆ ಯಾರು ಕೊಡ್ತಾರೆ ಅಂತ ನಿಮಗೆ ಉತ್ತರ ಸಿಕ್ಕಿತು. ಮತ್ತು ನಾಳೆ ಸರ್ಕಾರ ಇದಕ್ಕೆ ನಿಯಮ ತಂದರೆ, ಅದನ್ನ ಶತ್ರುವಿನ ಕೆಲಸ ಅಂತ ಶಪಿಸಬೇಡಿ. ಅದು ಕುಳ್ಳಗೋಡೆ.

ಬಾಡಿಗೆಯಲ್ಲಿ ಇರುವವರಿಗೂ ಒಂದು ಮಾತು. ಎಲ್ಲಾ ಮಾಲೀಕರನ್ನೂ ಯೆಶಾಯನ ವಚನದ ಕೆಳಗೆ ಹಾಕಬೇಡಿ. ಮನೆಯನ್ನ ನಿಮ್ಮದೇ ಅಂತ ಜೋಪಾನವಾಗಿ ನೋಡ್ಕೊಳ್ಳಿ, ಬಾಡಿಗೆ ತಡ ಮಾಡಬೇಡಿ. ಮಾಲೀಕರು ಬಾಡಿಗೆದಾರರ ಸಹವಾಸವೇ ಬೇಡ ಅಂತ ಟೂರಿಸ್ಟ್ ಕಡೆ ಹೋಗೋಕೆ ಕೆಲವು ಸಲ ನಮ್ಮ ನಡತೆಯೂ ಕಾರಣ ಆಗುತ್ತೆ. ಬಾಡಿಗೆ ಮನೆ ಅವಮಾನ ಅಲ್ಲ ದೇವಜನರೇ. ಅಪೊಸ್ತಲರ ಕೃತ್ಯಗಳ ಕೊನೇ ಅಧ್ಯಾಯ ತೆಗೆದು ನೋಡಿ. ಪೌಲನು ರೋಮ್‌ನಲ್ಲಿ ಪೂರಾ ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದ. ಅಲ್ಲಿಗೆ ಬಂದವರನ್ನೆಲ್ಲ ಸೇರಿಸಿಕೊಂಡು ದೇವರ ರಾಜ್ಯವನ್ನ ಸಾರಿದ. ಬಾಡಿಗೆದಾರನೇ ಆತಿಥೇಯನಾದ! ಆದರೆ ಎರಡು ವರ್ಷ ಅವನನ್ನ ಯಾರೂ ಎಬ್ಬಿಸಲಿಲ್ಲ ಅನ್ನೋದನ್ನೂ ನೆನಪಿಡಿ. ಬೇರು ಬಿಡೋಕೆ ಸ್ವಲ್ಪ ಕಾಲ ಸಿಕ್ಕರೆ ಮಾತ್ರ ಮನುಷ್ಯ ಇನ್ನೊಬ್ಬರಿಗೆ ನೆರಳು ಕೊಡಬಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಕೆಲವರು "ನಮ್ಮ ಮನೆ ಪರಲೋಕದಲ್ಲಿದೆ, ಭೂಮಿಯ ಮನೆ ಚಿಂತೆ ಯಾಕೆ" ಅಂತಾರೆ. ಯೋಹಾನ 14ರಲ್ಲಿ ಕರ್ತನು ತನ್ನ ಶಿಷ್ಯರಿಗೆ ಕೊಟ್ಟ ವಾಗ್ದಾನವನ್ನ ನೆನಪು ಮಾಡ್ಕೊಳ್ಳಿ. ತಂದೆಯ ಮನೆಯಲ್ಲಿ ಸ್ಥಳ ಸಿದ್ಧ ಮಾಡೋಕೆ ಹೋಗ್ತೀನಿ ಅಂದ. ಸ್ಥಳ ಸಿದ್ಧ ಮಾಡಿ ತಿರುಗಿ ಬಂದು, ತಾನಿರುವಲ್ಲಿಗೇ ನಮ್ಮನ್ನ ಕರಕೊಂಡು ಹೋಗ್ತೀನಿ ಅಂದ. ತಾನಿಲ್ಲದ ಮನೆಯ ಬೀಗದ ಕೈ ಕೊಟ್ಟು ಕಳಿಸೋ ದೇವರಲ್ಲ ನಮ್ಮ ದೇವರು. ಅಂಥ ಮನೆಗಾಗಿ ಕಾಯ್ತಾ ಇರುವವರು ಈ ಭೂಮಿಯಲ್ಲಿ ನೆರೆಯವನ ಸ್ಥಳದ ವಿಷಯದಲ್ಲಿ ಅಸಡ್ಡೆ ಮಾಡೋಕೆ ಆಗುತ್ತಾ?

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮಗೆ ಕೊಟ್ಟ ಸೂರಿಗಾಗಿ ಸ್ತೋತ್ರ. ಬೆಂಕಿಯಲ್ಲಿ, ನೆರೆಯಲ್ಲಿ ಮನೆ ಕಳಕೊಂಡವರನ್ನು ನೆನಪು ಮಾಡಿಕೊಳ್ಳಪ್ಪಾ. ಮನೆ ಹುಡುಕುತ್ತಿರುವ ನಮ್ಮ ಕುಟುಂಬಗಳಿಗೆ ಬಾಗಿಲು ತೆರೆಯಪ್ಪಾ. ಮನೆ ಇರುವವರಿಗೆ ಶೂನೇಮಿನ ಸ್ತ್ರೀಯ ಮನಸ್ಸು ಕೊಡು. ಆಡಳಿತ ಮಾಡುವವರಿಗೆ ನೆಹೆಮೀಯನ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಕರ್ತನು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.